ಎಂಟು ಹೋಗಿ ಏಳು ಬಂದದ್ದು

ದರ್ಬ್ ಸ್ನೂಬರ್ ಬೀದಿಯಲ್ಲಿ ಮನೆಮನೆಯ ರೊಟ್ಟಿ ಬೇಯಿಸಿಕೊಡುವ ಒಲೆಯವನು ಬೂಶ್ತಾ ಐವತ್ತೊಂದನೆಯ ವಯಸ್ಸಿಗೆ ಮಸೀದಿಯ ಸಂಜೆ ತರಗತಿಗೆ ಸೇರಿ ಓದು ಬರಹ ಕಲಿತ. ಕಲಿತದ್ದೇ ತಪ್ಪಾಯಿತೇನೋ ಎಂದು ಐವತ್ತಮೂರನೆಯ ವಯಸ್ಸಿಗೆ ಅವನಿಗೆ ಅನುಮಾನ ಬಂತು. ಮೊದಲಾದರೆ ಯಾವ ಕಾಗದ ಬಂದರೂ ಯಾರಾದರೂ ಓದಿ ಹೇಳುತ್ತಿದ್ದರು, ಇವನು ತಲೆಯಾಡಿಸಿ ಹೆಬ್ಬೆಟ್ಟು ಒತ್ತುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಈಗ ಕಾಗದವನ್ನು ತಾನೇ ಓದಬೇಕು, ಓದಿದ್ದಕ್ಕೆ ಉತ್ತರ ಬರೆಯಬೇಕು, ಬರೆದದ್ದು ನಿಜವಾಗಿರಬೇಕು. ಈ ಮೂರನೆಯದನ್ನು ಮೇಷ್ಟರು ಹೇಳಿಕೊಟ್ಟಿರಲಿಲ್ಲ. ಬೂಶ್ತಾ ತಾನಾಗಿಯೇ ಸೇರಿಸಿಕೊಂಡಿದ್ದ.

ಈಗ ಅವನ ಕೈಯಲ್ಲಿದ್ದ ಕಾಗದದಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹೆಸರು, ವಯಸ್ಸು, ಕಸುಬು ಇವು ಮೂರಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ನಾಲ್ಕನೆಯದರಲ್ಲಿ ಅವನು ಎಂಟು ದಿನದಿಂದ ಸಿಕ್ಕಿಕೊಂಡಿದ್ದ. "ಹೊಸ ಮಾಹಿತಿ ತಂತ್ರಜ್ಞಾನದಿಂದ ನಿಮ್ಮ ವ್ಯಾಪಾರಕ್ಕೂ ನಿಮ್ಮ ಬೀದಿಯ ಜನಜೀವನಕ್ಕೂ ಆಗುವ ಪರಿಣಾಮ: ಒಳ್ಳೆಯದು, ಕೆಟ್ಟದ್ದು, ಹೇಳಲಾಗದು. ಒಂದಕ್ಕೆ ಮಾತ್ರ ಗುರುತು ಹಾಕಿ."

ಕಾಗದ ತಂದವಳು ಇಬ್ತಿಸ್ಸಾಮ್. ಮೆಕ್ನೆಸ್‌ನ ಹಳೇ ಪೇಟೆಯ ಕಸುಬುಗಳನ್ನು ಉಳಿಸುತ್ತೇವೆ ಎಂದು ಹೊರಟಿದ್ದ ಒಂದು ಸಂಘದ ಹುಡುಗಿ. ಯಾವಾಗಲೂ ಓಡುತ್ತಲೇ ಬರುತ್ತಿದ್ದಳು, ಓಡುತ್ತಲೇ ಹೋಗುತ್ತಿದ್ದಳು. ಒಲೆಯ ಹೊಗೆಗೂಡು ಹಳತಾಗಿದೆ, ಹೊಸದು ಕಟ್ಟಿಸದಿದ್ದರೆ ಬೆಂಕಿ ಆರಿಸಿ ಎಂದು ನಗರಸಭೆಯವರು ಗೋಡೆಗೆ ಚೀಟಿ ಅಂಟಿಸಿ ಹೋಗಿದ್ದರು. ಹೊಗೆಗೂಡನ್ನು ಸಂಘ ಕಟ್ಟಿಸಿಕೊಡುತ್ತದೆ, ಆದರೆ ಬೂಶ್ತಾ ಮೂರು ತಿಂಗಳು ಅವರ ಆ್ಯಪ್ ನಡೆಸಬೇಕು, ಕಾಗದ ತುಂಬಬೇಕು. ಇದು ಕರಾರು.

"ಏನೂ ಕಷ್ಟ ಇಲ್ಲ ಬಾ ಬೂಶ್ತಾ," ಎಂದಿದ್ದಳು ಇಬ್ತಿಸ್ಸಾಮ್. ಹಿರಿಯರನ್ನು ಅವಳು 'ಬಾ', ಅಂದರೆ ಅಪ್ಪ, ಎಂದೇ ಕರೆಯುತ್ತಿದ್ದಳು. "ಹಿಟ್ಟಿನ ಹಲಗೆ ಬಂದ ತಕ್ಷಣ ಬಟ್ಟೆ ತೆಗೆದು ಒಂದು ಫೋಟೊ. ರೊಟ್ಟಿ ಬೆಂದ ಮೇಲೆ ಇನ್ನೊಂದು ಫೋಟೊ. ಎಣಿಸೋದೆಲ್ಲ ಅದೇ ಎಣಿಸುತ್ತೆ. ಮನೆಯವರ ಫೋನಿಗೆ ಮೆಸೇಜು ಹೋಗುತ್ತೆ, ಬೀದಿಯ ಗ್ರೂಪಿಗೂ ಹೋಗುತ್ತೆ. ಯಾರೂ ಇಲ್ಲಿ ಬಂದು ಕಾಯೋ ಹಾಗಿಲ್ಲ."

"ಎಣಿಸುತ್ತಾ," ಎಂದ ಬೂಶ್ತಾ.

"ಪಕ್ಕಾ ಎಣಿಸುತ್ತೆ."

ಬೂಶ್ತಾನಿಗೆ ಬೇಡವಾಗಿದ್ದದ್ದು ಅದೊಂದೇ.

ದರ್ಬ್ ಸ್ನೂಬರಿನ ಅರವತ್ತೆರಡು ಮನೆಗಳಲ್ಲಿ ಹೆಂಗಸರು ಬೆಳಗ್ಗೆ ಹಿಟ್ಟು ನಾದಿ, ದುಂಡಗೆ ತಟ್ಟಿ, ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ ಒಲೆಮನೆಗೆ ತರುತ್ತಿದ್ದರು. ಬೂಶ್ತಾ ಉದ್ದ ಹಿಡಿಯ ಮರದ ಸಟ್ಟುಗದಲ್ಲಿ ಅವನ್ನೆಲ್ಲ ಬೆಂಕಿಯ ಬಾಯಿಗೆ ಕೊಟ್ಟು ಹೊರಗೆಳೆಯುತ್ತಿದ್ದ. ಮುನ್ನೂರು ರೊಟ್ಟಿ ಒಟ್ಟಿಗೆ ಬೆರೆತರೂ ಯಾವುದು ಯಾರದ್ದೆಂದು ಅವನಿಗೆ ಗೊತ್ತಿತ್ತು. ತಾಮೊಳ ರೊಟ್ಟಿಯ ಅಂಚು ಅವಳ ಮಾತಿನಂತೆ ಒಂದು ಕಡೆ ದಪ್ಪ. ಇಮಾಮರ ಮನೆಯದಕ್ಕೆ ಮುಳ್ಳುಚಮಚದಲ್ಲಿ ಐದು ಚುಚ್ಚು. ಹಾಜಾ ಜ್ಹೋರ್ ಮನೆಯದು ರವೆಯದು, ಬಂಡಿಗಾಲಿಯಷ್ಟು, ದಿನಕ್ಕೆ ಎಂಟು.

ಆ ಎಂಟರಲ್ಲಿ ಆಗಾಗ ಒಂದು ಪ್ರಯಾಣ ಹೋಗುತ್ತಿತ್ತು.

ಅದು ಬೂಶ್ತಾನ ಅಪ್ಪನ ಕಾಲದಿಂದ ನಡೆದುಬಂದದ್ದು. ದೊಡ್ಡ ಹಲಗೆಗಳಿಂದ ಸರದಿಯ ಪ್ರಕಾರ ದಿನಕ್ಕೊಂದು ರೊಟ್ಟಿ ಎತ್ತಿ, ಬೀದಿಯಲ್ಲಿ ಯಾರ ಮನೆ ಹಿಟ್ಟಿನ ಡಬ್ಬಿ ತಳ ಕಂಡಿದೆಯೋ ಅವರ ಹಲಗೆಗೆ ಸೇರಿಸುವುದು. ಅಪ್ಪ ಸಾಯುವ ಮೊದಲು ಒಲೆಯ ಬಾಯಿಯ ಮುಂದೆ ಕೂರಿಸಿಕೊಂಡು ಹೇಳಿದ್ದ: ಎತ್ತುವಾಗ ಯಾರೂ ನೋಡಬಾರದು, ಇಡುವಾಗ ಅವರೂ ನೋಡಬಾರದು. ಇದು ದಾನವೋ ಕಳ್ಳತನವೋ ಎಂದು ಬೂಶ್ತಾ ಇಪ್ಪತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ. ಇಮಾಮರನ್ನೇ ಒಂದು ಮಾತು ಕೇಳೋಣ ಎಂದುಕೊಂಡದ್ದೂ ಉಂಟು. ಆದರೆ ಮಂಗಳವಾರದ ರೊಟ್ಟಿ ಅವರ ಹಲಗೆಯಿಂದಲೇ ಹೋಗುತ್ತಿತ್ತು. ಕೇಳುವುದು ಹೇಗೆ?

ಈಗ ನಾಲ್ಕು ವರ್ಷದಿಂದ ಆ ರೊಟ್ಟಿ ಹೋಗುತ್ತಿದ್ದದ್ದು ಸಿ ಲಾರ್ಬಿಯ ಮನೆಗೆ. ಸಿ ಲಾರ್ಬಿ ಮೂವತ್ತು ವರ್ಷ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂತು ನಿವೃತ್ತನಾದವನು. ಸಣ್ಣ ಪಿಂಚಣಿ. ಗಂಡ ಸತ್ತ ಮಗಳು ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮನೆಗೆ ಬಂದ ಮೇಲೆ ಆ ಪಿಂಚಣಿ ಇನ್ನೂ ಸಣ್ಣದಾಯಿತು. ಆದರೂ ಜಿಲ್ಲಾಬಾ ನಿಲುವಂಗಿಯ ಒಳಗೆ ಟೈ ಕಟ್ಟುವುದು ಬಿಟ್ಟಿರಲಿಲ್ಲ. ಯಾರಾದರೂ ಚಹಾ ಕೊಡಿಸಿದರೆ ಮಾರನೆಯ ದಿನವೇ ಅವರಿಗೆ ಚಹಾ ಕೊಡಿಸಿ ಲೆಕ್ಕ ಚುಕ್ತಾ ಮಾಡುವ ಜಾತಿ. ಅವನ ಹಲಗೆಯಲ್ಲಿ ಎರಡೇ ರೊಟ್ಟಿ ಬರುತ್ತಿತ್ತು, ನಾಲ್ಕು ಬಾಯಿಗೆ. ಮೂರನೆಯದನ್ನು ಸುಮ್ಮನೆ ಇಟ್ಟರೆ ಎತ್ತಿ ಮುಖಕ್ಕೆ ಎಸೆಯುತ್ತಿದ್ದ. ಹಾಗಾಗಿ ಬೂಶ್ತಾ ಜೀವನದಲ್ಲಿ ಒಂದೇ ಒಂದು ದೊಡ್ಡ ಸುಳ್ಳು ಕಟ್ಟಿದ. ಬೆಳಗ್ಗೆ ಮೊದಲು ಬಂದ ಹಲಗೆ ಒಲೆಯ ಬಾಗಿಲು ತೆರೆಸುತ್ತದೆ, ತೆರೆಸಿದವರಿಗೆ ಒಲೆಯ ಕಡೆಯಿಂದ ಒಂದು ರೊಟ್ಟಿ ಹಕ್ಕು, ಇದು ನಮ್ಮ ಅಪ್ಪನ ಕಾಲದ ಪದ್ಧತಿ ಎಂದ.

ಸಿ ಲಾರ್ಬಿ ಪದ್ಧತಿ ಎಂದರೆ ಪ್ರಾಣ ಬಿಡುವವನು. ಅಂದಿನಿಂದ ದಿನವೂ ಅವನೇ ಮೊದಲು. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಸರ್ಕಾರಿ ಕೆಲಸಕ್ಕೆ ಬಂದವನ ಹಾಗೆ ಹೊಸ್ತಿಲಲ್ಲಿ ನಿಂತು, "ಬೂಶ್ತಾ, ನಿನ್ನ ಒಲೆ ತೆರೆದಿದ್ದೀನಿ," ಎನ್ನುತ್ತಿದ್ದ. ಪಕ್ಕದ ಮನೆಯ ತಾಮೊ ಅವನಿಗಿಂತ ಮೊದಲೇ ಎದ್ದಿರುತ್ತಿದ್ದರೂ ಬೀದಿಯ ಮೂಲೆಯಲ್ಲಿ ನಿಂತು, ಅವನು ಒಳಗೆ ಹೋಗುವತನಕ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು. ಅವಳ ಚಪ್ಪಲಿಗೆ ದಿನವೂ ಏನು ರೋಗ ಎಂದು ಬೂಶ್ತಾ ಎಂದೂ ಯೋಚಿಸಲಿಲ್ಲ.

ಆ್ಯಪ್ ಶುರುವಾಗುವ ಮೊದಲು ಅವನು ಬೀದಿಯಲ್ಲಿ ತಿಳಿದವರನ್ನೆಲ್ಲ ಕೇಳಿದ. ನಾಲ್ಕನೆಯ ಪ್ರಶ್ನೆಯ ನೆಪ ಇತ್ತಲ್ಲ.

ಕ್ಷೌರದಂಗಡಿಯ ಶೂಐಬನಿಗೆ ಯಾವ ಸಂಶಯವೂ ಇರಲಿಲ್ಲ. "ಒಳ್ಳೇದಕ್ಕೇ ಗುರುತು ಹಾಕು. ಆರು ತಿಂಗಳಲ್ಲಿ ನೀನು ಕಾಸಾಬ್ಲಾಂಕಾದಲ್ಲಿ ಎರಡನೇ ಒಲೆ ಹಾಕ್ತೀಯ. ಬರೆದು ಕೊಡ್ತೀನಿ."

ಮಾರನೆಯ ದಿನ ಅದೇ ಶೂಐಬ್ ಇನ್ನೊಬ್ಬರ ಗಡ್ಡಕ್ಕೆ ನೊರೆ ಹಚ್ಚುತ್ತಾ, "ಬೂಶ್ತಾನ ಕಥೆ ಮುಗೀತು ಕಣ್ರೀ. ಜನ ಫೋನಲ್ಲೇ ರೊಟ್ಟಿ ತರಿಸಿಕೊಳ್ತಾರೆ ಇನ್ಮೇಲೆ," ಎನ್ನುತ್ತಿದ್ದ. ಬೂಶ್ತಾ ಬಾಗಿಲಲ್ಲೇ ನಿಂತಿದ್ದ.

"ನಿನ್ನೆ ಬೇರೆ ಹೇಳಿದೆಯಲ್ಲೋ ಶೂಐಬ್?"

"ನಿನ್ನೆ ನೀನು ಕುರ್ಚಿ ಮೇಲಿದ್ದೆ. ಗಿರಾಕಿಗೆ ಬೇಜಾರು ಮಾಡಬಾರದು."

ಒಲೆಗೆ ಕಟ್ಟಿಗೆ ಹಾಕುವ ಅಲ್ಲಾಲ್ ಬೂಶ್ತಾನಿಗಿಂತ ಹತ್ತು ವರ್ಷ ದೊಡ್ಡವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. "ಕಟ್ಟಿಗೆ ಹಾಕೋ ಆ್ಯಪ್ ಬಂದರೆ ಹೇಳು. ಮನೆಗೆ ಹೋಗಿ ಮಲಗ್ತೀನಿ," ಎಂದು ಆ ದಿನದ ಮಾತು ಮುಗಿಸಿದ.

ಕೊನೆಗೆ ಬೂಶ್ತಾ ಇಬ್ತಿಸ್ಸಾಮಳನ್ನೇ ಕೇಳಿದ. "ಮಗಳೇ, 'ಹೇಳಲಾಗದು' ಅನ್ನೋದಕ್ಕೆ ಹಾಕಲಾ?"

"ಅದು ಬೇಡ ಬಾ ಬೂಶ್ತಾ. ದುಡ್ಡು ಕೊಡೋರಿಗೆ ಅದು ಇಷ್ಟ ಆಗಲ್ಲ."

"ಮತ್ತೆ ಯಾಕೆ ಮುದ್ರಿಸಿದ್ದಾರೆ?"

"ನೋಡೋಕೆ ಚೆನ್ನಾಗಿರಲಿ ಅಂತ."

"ನಿನಗೇನನ್ಸುತ್ತೆ? ಒಳ್ಳೇದಾಗುತ್ತಾ, ಕೆಟ್ಟದ್ದಾಗುತ್ತಾ?"

ಇಬ್ತಿಸ್ಸಾಮ್ ಸುತ್ತ ನೋಡಿ ದನಿ ತಗ್ಗಿಸಿದಳು. "ನಂಗೊಂದೂ ಗೊತ್ತಿಲ್ಲ. ಆದರೆ ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ. ನನ್ನ ಕೆಲಸದ ಹೆಸರೇ ತಜ್ಞೆ."

ಸೋಮವಾರ ಆ್ಯಪ್ ಶುರುವಾಯಿತು. ಹಲಗೆಗಳಿಗೆಲ್ಲ ಕಪ್ಪು ಚುಕ್ಕಿಗಳ ಸ್ಟಿಕ್ಕರ್ ಅಂಟಿಸಿದ್ದರು. ಬಟ್ಟೆ ತೆಗೆಯುವುದಕ್ಕೇ ಹೆಂಗಸರು ಮುಖ ಸಿಂಡರಿಸಿದರು. ಹಸಿ ಹಿಟ್ಟನ್ನು ಹೊರಗಿನ ಕಣ್ಣಿಗೆ ತೋರಿಸಿದರೆ ದೃಷ್ಟಿಯಾಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಒಲೆಯವನ ಕಣ್ಣು ವೈದ್ಯನ ಕಣ್ಣಿನ ಹಾಗೆ, ಅದಕ್ಕೆ ವಿನಾಯಿತಿ. ಫೋನಿನ ಕಣ್ಣಿಗೆ ವಿನಾಯಿತಿ ಕೊಟ್ಟವರು ಯಾರು?

"ಈ ಫೋಟೊ ಎಲ್ಲಿಗೆ ಹೋಗುತ್ತೆ?" ಎಂದಳು ತಾಮೊ.

"ಮೋಡಕ್ಕೆ," ಎಂದಳು ಇಬ್ತಿಸ್ಸಾಮ್.

ತಾಮೊ ಬಾಗಿಲಿಂದ ಹೊರಗೆ ಕತ್ತು ಹಾಕಿ ಆಕಾಶ ನೋಡಿದಳು. ಒಂದು ಮೋಡವೂ ಇರಲಿಲ್ಲ.

ಅಂದು ಬೂಶ್ತಾ ಹೆದರಿ ಯಾವ ರೊಟ್ಟಿಯನ್ನೂ ಎತ್ತಲಿಲ್ಲ. ಸಿ ಲಾರ್ಬಿಯ ಎರಡು ಎರಡಾಗಿಯೇ ಹಿಂದಿರುಗಿತು. ಅವನು ಹಲಗೆ ನೋಡಿದ, ಬೂಶ್ತಾನನ್ನು ನೋಡಿದ, ಟೈ ಸರಿಮಾಡಿಕೊಂಡ, ಹೋದ. ಮಂಗಳವಾರ ಬೂಶ್ತಾ ಒಲೆಮನೆಯ ಬೀಗ ತೆಗೆಯಲು ಬಂದಾಗ ಸಿ ಲಾರ್ಬಿ ಆಗಲೇ ಬಾಗಿಲಲ್ಲಿ ಹಲಗೆ ಹಿಡಿದು ನಿಂತಿದ್ದ.

"ನಿನ್ನೆ ನನಗಿಂತ ಮೊದಲು ಯಾರೋ ಬಂದಿದ್ರು ಅನ್ಸುತ್ತೆ," ಎಂದ.

"ಇಲ್ಲ ಸಿ ಲಾರ್ಬಿ... ಅದು ಹೊಸ ಯಂತ್ರದ ಗಡಿಬಿಡಿಯಲ್ಲಿ..."

"ಪರವಾಗಿಲ್ಲ. ನಿಯಮ ನಿಯಮವೇ. ತಡವಾಗಿ ಬಂದವನಿಗೆ ಹಕ್ಕಿಲ್ಲ. ಇವತ್ತು ನಾನು ತಡ ಮಾಡಿಲ್ಲ, ನೀನೇ ನೋಡ್ತಿದ್ದೀಯ."

ಅಂದೂ ಬೂಶ್ತಾನಿಗೆ ಧೈರ್ಯ ಬರಲಿಲ್ಲ. ಎರಡು ರೊಟ್ಟಿಯ ಹಲಗೆಯನ್ನು ಮುಖ ನೋಡದೆ ಕೊಟ್ಟ. ಸಿ ಲಾರ್ಬಿ ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು.

ಬುಧವಾರ ಬೂಶ್ತಾ ಕಣ್ಣು ಮುಚ್ಚಿಕೊಂಡು, ಅಂದರೆ ಒಂದು ಕಣ್ಣು ಮಾತ್ರ ಮುಚ್ಚಿಕೊಂಡು, ಹಾಜಾ ಜ್ಹೋರಳ ಒಂದು ರೊಟ್ಟಿಯನ್ನು ಸಿ ಲಾರ್ಬಿಯ ಹಲಗೆಗೆ ದಾಟಿಸಿದ. ಅಷ್ಟು ದೊಡ್ಡ ಯಂತ್ರ, ಇಷ್ಟು ಸಣ್ಣ ವಿಷಯಕ್ಕೆ ಗಮನ ಕೊಡಲಿಕ್ಕಿಲ್ಲ ಎಂದು ಅವನ ಆಸೆ. ಫೋಟೊ ತೆಗೆದು ಅರ್ಧ ನಿಮಿಷವಾಗಿಲ್ಲ, ಬೀದಿಯ ಅರವತ್ತೆರಡು ಫೋನುಗಳು ಒಟ್ಟಿಗೆ ಕಿಣಿಗುಟ್ಟಿದವು.

"ಹಾಜಾ ಜ್ಹೋರ್ ಅವರೇ, ನೀವು ಕಳಿಸಿದ್ದು 8. ಸಿದ್ಧವಾಗಿರುವುದು 7. ಸಿ ಲಾರ್ಬಿ ಅವರೇ, ನೀವು ಕಳಿಸಿದ್ದು 2. ಸಿದ್ಧವಾಗಿರುವುದು 3. ಶುಭದಿನ."

ಎರಡು ಸಾಲು ಒಂದರ ಕೆಳಗೊಂದು. ಮೂವತ್ತು ವರ್ಷ ಟಿಕೆಟ್ ಹರಿದವನಿಗೆ ಇದರಲ್ಲಿ ಕೂಡಿ ಕಳೆಯಲು ಏನಿದೆ?

ಹಾಜಾ ಜ್ಹೋರ್ ಮಧ್ಯಾಹ್ನದ ಹೊತ್ತಿಗೆ ಬಂದಳು. ಭಾರೀ ಹೆಂಗಸು. ಅವಳು ಒಳಗೆ ಬಂದರೆ ಒಲೆಮನೆಯೇ ಚಿಕ್ಕದಾಗುತ್ತಿತ್ತು. ಬೂಶ್ತಾ ಸಟ್ಟುಗವನ್ನು ಎದೆಗೆ ಅಡ್ಡ ಹಿಡಿದು ನಿಂತ. ಕಳ್ಳ ಎನ್ನುತ್ತಾಳೆ, ಬೀದಿಯೆಲ್ಲ ಕೇಳುವ ಹಾಗೆ ಎನ್ನುತ್ತಾಳೆ, ಅನ್ನಲಿ, ಇಪ್ಪತ್ತು ವರ್ಷದ ಅನುಮಾನವಾದರೂ ತೀರುತ್ತದೆ.

"ತಲೆ ಇದೆಯಾ ನಿನಗೆ?" ಎಂದಳು ಹಾಜಾ.

"ತಪ್ಪಾಯ್ತು ಹಾಜಾ. ನಿಮ್ಮ ರೊಟ್ಟಿ..."

"ರೊಟ್ಟಿ ಹಾಳಾಗಲಿ. ನಲವತ್ತು ವರ್ಷದಿಂದ ನಾನು ಎಣಿಸಿಲ್ಲ. ನಮ್ಮ ಅತ್ತೆ ಎಣಿಸಿಲ್ಲ. ಅವಳು ಉಪ್ಪಿನ ಹರಳು ಎಣಿಸೋಳು, ರೊಟ್ಟಿ ಮಾತ್ರ ಎಣಿಸಲಿಲ್ಲ. ಈಗ ನೀನು ಊರಿನ ಮುಂದೆ ನನ್ನ ಹೆಸರು ಹಿಡಿದು ಎಂಟು ಏಳು ಅಂತ ಡಂಗುರ ಹೊಡೆಸ್ತಿದ್ದೀಯಲ್ಲ. ನಾನೀಗ ಏನು ಮಾಡಲಿ? ಸುಮ್ಮನಿದ್ದರೆ ಪೆದ್ದಿ ಅಂತಾರೆ. ಕೂಗಾಡಿದರೆ ಆ ಮನುಷ್ಯ ನೇಣು ಹಾಕಿಕೊಳ್ತಾನೆ, ಟೈ ಬೇರೆ ಕಟ್ಟಿಕೊಂಡೇ ಇರ್ತಾನೆ."

ಬೂಶ್ತಾನ ಬಾಯಿ ಒಲೆಯ ಬಾಯಿಯಷ್ಟು ತೆರೆಯಿತು. "ನಿಮಗೆ ಗೊತ್ತಿತ್ತಾ?"

"ನನಗೇನೂ ಗೊತ್ತಿಲ್ಲ," ಎಂದಳು ಹಾಜಾ. "ಗೊತ್ತಿಲ್ಲದ ಹಾಗೆ ಇರೋಕೆ ಎಷ್ಟು ಕಷ್ಟಪಟ್ಟಿದ್ದೀನಿ ಅಂತ ನಿನಗೇನು ಗೊತ್ತು."

ಗುರುವಾರ ಬೆಳಗ್ಗೆ ಸಿ ಲಾರ್ಬಿ ಬರಲಿಲ್ಲ.

ಒಲೆ ಕಾದು ಕೆಂಪಾಗಿತ್ತು. ಅಲ್ಲಾಲ್ ಆಲಿವ್ ಕಟ್ಟಿಗೆ ಒಟ್ಟಿ ಕೈ ಒರೆಸಿಕೊಂಡು ಕೂತ. ಬೂಶ್ತಾ ಹೊಸ್ತಿಲು ನೋಡಿದ, ಬೆಂಕಿ ನೋಡಿದ, ಮತ್ತೆ ಹೊಸ್ತಿಲು ನೋಡಿದ. ಸಿ ಲಾರ್ಬಿ ಮಾತ್ರವಲ್ಲ, ಯಾರೂ ಬರಲಿಲ್ಲ. ಒಂದು ಹಲಗೆಯೂ ಇಲ್ಲ. ಅರ್ಧ ಗಂಟೆ ಕಳೆಯಿತು. ಫೋನಿನಲ್ಲಿ ಆ್ಯಪ್ ತೆರೆದರೆ ದೊಡ್ಡದೊಂದು ಸೊನ್ನೆ.

"ನಾಲ್ಕನೇ ಪ್ರಶ್ನೆಗೆ ಉತ್ತರ ಸಿಕ್ತು," ಎಂದ ಅಲ್ಲಾಲ್.

ಬೂಶ್ತಾ ಫೋನನ್ನು ಜೇಬಿಗೆ ತುರುಕಿದ. ಎಲ್ಲರೂ ತನ್ನನ್ನು ಬಿಟ್ಟರು. ಹೊಗೆಗೂಡಿಗೆ ಆಸೆಬಿದ್ದು ಅಪ್ಪನ ಒಲೆಯನ್ನೇ ಕಳೆದೆ. ಇನ್ನು ಮೂರು ತಿಂಗಳಲ್ಲ, ಮೂರು ದಿನವೂ ನಡೆಯದು. ಅವನು ಸಟ್ಟುಗವನ್ನು ಗೋಡೆಗೆ ಒರಗಿಸಿ ಹೊರಗೆ ಬಂದ. ಬೀದಿ ಖಾಲಿ. ಮೂಲೆಯವರೆಗೆ ನಡೆದು ತಿರುಗಿದ.

ಮೂಲೆಯ ಆಚೆ ಇಡೀ ದರ್ಬ್ ಸ್ನೂಬರ್ ನಿಂತಿತ್ತು. ನಲವತ್ತೋ ಐವತ್ತೋ ಹೆಂಗಸರು, ತಲೆಯ ಮೇಲೆ, ಸೊಂಟದ ಮೇಲೆ, ಕಟ್ಟೆಯ ಮೇಲೆ ಹಲಗೆಗಳು. ಎಲ್ಲರೂ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು.

"ಏನಿದು?" ಎಂದ ಬೂಶ್ತಾ.

"ಚಪ್ಪಲಿ," ಎಂದಳು ತಾಮೊ.

"ಒಲೆ ಕಾದಿದೆ. ಬರಬಾರದಾ?"

"ನೀನೇ ಹೇಳು, ಯಾರು ಮೊದಲು ಬರಬೇಕು? ನಾನು ಮೊದಲು ಬಂದರೆ ಆ ಮನುಷ್ಯನ ಹಕ್ಕು ಕಿತ್ಕೊಂಡ ಹಾಗಾಗಲ್ವಾ? ನಾಲ್ಕು ವರ್ಷದಿಂದ ಚಪ್ಪಲಿ ಬಾರು ಕಟ್ಟಿ ಕಟ್ಟಿ ಬೆನ್ನು ಬಗ್ಗಿದೆ. ಇವತ್ತು ನಾನೇ ಕೆಟ್ಟೋಳಾಗಲಾ?"

"ಇವಳು ಹೋಗಲಿ ಅಂತ ನಾನು, ನಾನು ಹೋಗಲಿ ಅಂತ ಇವಳು," ಎಂದಳು ಇಮಾಮರ ಹೆಂಡತಿ. "ಅಷ್ಟರಲ್ಲಿ ಹಿಟ್ಟು ಉಕ್ಕಿ ಹಲಗೆಯಿಂದ ಇಳಿದು ಮನೆ ಕಡೆ ಹೊರಟಿದೆ ನೋಡು."

ನಿಜ. ಬಟ್ಟೆಗಳ ಕೆಳಗೆ ಹಿಟ್ಟು ಹುಳಿ ಬಂದು ಉಬ್ಬುತ್ತಿತ್ತು. ಬೂಶ್ತಾನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತು ವರ್ಷ ಅವನು ಒಬ್ಬನೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದ ಗುಟ್ಟನ್ನು ಇಡೀ ಬೀದಿ ಸೊಂಟದ ಮೇಲೆ ಹೊತ್ತು ತಿರುಗುತ್ತಿತ್ತು. ಗೊತ್ತಿಲ್ಲದಿದ್ದವನು ಸಿ ಲಾರ್ಬಿ ಒಬ್ಬನೇ. ಈಗ ಅವನಿಗೂ ಗೊತ್ತಾಗಿತ್ತು, ಯಂತ್ರದ ದಯೆಯಿಂದ.

ಹಾಜಾ ಜ್ಹೋರ್ ಕಟ್ಟೆಯ ಮೇಲೆ ಕೂತಿದ್ದಳು. ಸೊಂಟದಿಂದ ಫೋನು ತೆಗೆದಳು.

"ಇನ್ನು ಸ್ವಲ್ಪ ಹೊತ್ತಾದರೆ ಎಲ್ಲ ಗಂಜಿ. ಸುಮ್ಮನಿರಿ ಎಲ್ಲರೂ," ಎಂದು ಗ್ರೂಪು ತೆರೆದು, ಗುಂಡಿ ಒತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು ಮಾತಾಡಿದಳು. "ಎಲ್ಲರಿಗೂ ಸಲಾಮ್. ನಾನು ಹಾಜಾ ಜ್ಹೋರ್. ನಿನ್ನೆ ನಾನು ಕಳಿಸಿದ್ದೇ ಏಳು ರೊಟ್ಟಿ. ರವೆ ಕಮ್ಮಿ ಬಿತ್ತು. ಎಂಟು ಅಂತ ಈ ಯಂತ್ರ ಎಲ್ಲಿಂದ ತಂತೋ. ಇದಕ್ಕೆ ಎಣಿಸೋಕೆ ಬರಲ್ಲ."

"ಹಾಜಾ," ಎಂದ ಬೂಶ್ತಾ ಮೆಲ್ಲಗೆ, "ನೀವು ಹಜ್ ಮಾಡಿ ಬಂದವರು. ಸುಳ್ಳು..."

"ಹಜ್‌ನಲ್ಲಿ ಯಾರೂ ನನಗೆ ರೊಟ್ಟಿ ಲೆಕ್ಕ ಹೇಳಿಕೊಟ್ಟಿಲ್ಲ. ತಾಮೊ, ನೀನು."

ತಾಮೊಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. "ನಾನು ತಾಮೊ. ನಾನು ನಾಲ್ಕು ಕಳಿಸಿದರೆ ನನಗೆ ಹನ್ನೊಂದು ಅಂತ ತೋರಿಸ್ತು. ಗಂಡ ಮನೆಗೆ ಬಂದು, ಉಳಿದ ಏಳು ಯಾರಿಗೆ ತಿನ್ನಿಸಿದೆ ಅಂತ ಕೇಳ್ತಾನೆ."

"ಉತ್ಪ್ರೇಕ್ಷೆ ಮಾಡಬೇಡ," ಎಂದಳು ಹಾಜಾ. "ನಂಬೋ ಹಾಗಿರಬೇಕು."

ಇಮಾಮರ ಹೆಂಡತಿ ಫೋನು ಕೈಗೆತ್ತಿಕೊಂಡು ಒಂದು ಕ್ಷಣ ಹಿಂಜರಿದಳು. ಆಮೇಲೆ, "ನಮ್ಮದರಲ್ಲಿ ಆರು ಒಂಬತ್ತಾಗಿತ್ತು. ಬಹುಶಃ ಫೋನು ತಲೆಕೆಳಗಾಗಿತ್ತು," ಎಂದಳು. ಅದು ಎಷ್ಟು ಚೆನ್ನಾಗಿತ್ತೆಂದರೆ ಎಲ್ಲರೂ ಅವಳನ್ನು ಗೌರವದಿಂದ ನೋಡಿದರು.

ಹತ್ತು ನಿಮಿಷದಲ್ಲಿ ಗ್ರೂಪಿನಲ್ಲಿ ಮೂವತ್ತೆಂಟು ಸುಳ್ಳು ಸೇರಿದವು. ಒಬ್ಬಳಿಗೆ ಅರ್ಧ ರೊಟ್ಟಿ ಬಂದಿತ್ತು. ಒಬ್ಬಳ ರೊಟ್ಟಿ ಬೇರೆ ಬೀದಿಯವರ ಫೋನಿಗೆ ಹೋಗಿತ್ತು. ಹಿಟ್ಟೇ ನಾದದ ಒಬ್ಬ ವಿಧುರ ತನಗೆ ದಿನಾ ಐದು ತೋರಿಸುತ್ತಿದೆ, ಎಲ್ಲಿಗೆ ಬಂದು ತಗೊಳ್ಳಲಿ ಎಂದು ಕೇಳಿದ. ಕ್ಷೌರಿಕ ಶೂಐಬ್ ಯಾರೂ ಕೇಳದಿದ್ದರೂ, "ಇದು ಹೀಗೇ ಆಗುತ್ತೆ ಅಂತ ನಾನು ಮೊದಲೇ ಹೇಳಿದ್ದೆ," ಎಂದು ಕಳಿಸಿದ. ಅದೂ ಸುಳ್ಳೇ, ಹಾಗಾಗಿ ಲೆಕ್ಕಕ್ಕೆ ಸೇರಿತು.

ಬೂಶ್ತಾ ಏನೂ ಕಳಿಸಲಿಲ್ಲ. ಜೇಬಿನಿಂದ ಫೋನು ಮಾತ್ರ ತೆಗೆದ. ಆಮೇಲೆ ಅವನೂ ಬರೆದ. ಒಂದೊಂದೇ ಅಕ್ಷರ ಹುಡುಕಿ, ಕಾಗುಣಿತ ನೋಡಿ, ಅಳಿಸಿ, ಮತ್ತೆ ಬರೆದ: "ಒಲೆ ತೆರೆಯುವವರಿಗಾಗಿ ಒಲೆ ಕಾಯುತ್ತಿದೆ." ಇದೊಂದು ಮಾತ್ರ ನಿಜ.

ಬೀದಿಯ ಆ ತುದಿಯಲ್ಲಿ ಒಂದು ಬಾಗಿಲು ಕಿರುಗುಟ್ಟಿತು. ಸಿ ಲಾರ್ಬಿ ಹಲಗೆ ಹಿಡಿದು ಹೊರಗೆ ಬಂದ. ಟೈ ಗಂಟು ಎಂದಿಗಿಂತ ಬಿಗಿಯಾಗಿತ್ತು. ಹೆಂಗಸರೆಲ್ಲ ಥಟ್ಟನೆ ಬಗ್ಗಿದರು. ಅವನು ಅಷ್ಟು ಜನರ ನಡುವೆ ನಿಧಾನವಾಗಿ ನಡೆದು ಬಂದು ಬೂಶ್ತಾನ ಮುಂದೆ ನಿಂತ.

"ನನ್ನ ಮಗಳು ಇವನ್ನೆಲ್ಲ ಹಚ್ಚಿ ಕೇಳಿಸಿದಳು," ಎಂದ. "ಮೂವತ್ತೆಂಟು ದೂರು."

"ಹೌದು ಸಿ ಲಾರ್ಬಿ."

"ನಾನು ಮೂವತ್ತು ವರ್ಷ ಕಿಟಕಿಯಲ್ಲಿ ಕೂತವನು. ಒಬ್ಬ ದೂರು ಹೇಳಿದರೆ ಅವನದ್ದೇ ತಪ್ಪು. ಮೂವತ್ತೆಂಟು ಜನ ಹೇಳಿದರೆ ಯಂತ್ರದ್ದು ತಪ್ಪು. ಇದು ಇಲಾಖೆಯ ನಿಯಮ." ಅವನು ಒಂದು ಸುತ್ತು ಎಲ್ಲರನ್ನೂ ನೋಡಿದ. ಐವತ್ತು ಬೆನ್ನುಗಳು, ಒಂದೂ ಮುಖವಿಲ್ಲ. ಹಾಜಾ ಜ್ಹೋರಳ ಮೇಲೆ ಅವನ ನೋಟ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅವಳು ಬಗ್ಗಲಾರದೆ ಕೂತಲ್ಲೇ ಕೂತು ಆಕಾಶದಲ್ಲಿ ಮೋಡ ಹುಡುಕುತ್ತಿದ್ದಳು. "ಎಲ್ಲರ ಚಪ್ಪಲಿಯೂ ಒಂದೇ ದಿನ ಕಿತ್ತುಹೋದ ಹಾಗಿದೆ," ಎಂದ ಸಿ ಲಾರ್ಬಿ.

ಅವನು ಹಲಗೆಯನ್ನು ಎರಡೂ ಕೈಯಲ್ಲಿ ಸರಿಯಾಗಿ ಹಿಡಿದುಕೊಂಡ.

"ಸರಿ ನಡಿ ಬೂಶ್ತಾ. ಒಲೆ ತೆರೆಯೋಣ. ಹಿಟ್ಟು ಹುಳಿಯಾಗ್ತಿದೆ."

ಅಷ್ಟರಲ್ಲಿ ಇಬ್ತಿಸ್ಸಾಮ್ ಓಡಿ ಬಂದಳು. ಆಫೀಸಿನ ಪರದೆಯ ಮೇಲೆ ಸೊನ್ನೆ ಕಂಡು ಅವಳ ಮುಖವೂ ಸೊನ್ನೆಯಾಗಿತ್ತು. ಗ್ರೂಪು ಕೇಳಿದ ಮೇಲಂತೂ ಅಳುವುದೊಂದೇ ಬಾಕಿ. "ಇಷ್ಟೊಂದು ತಪ್ಪು ಹೇಗಾಗುತ್ತೆ? ಬೇರೆ ಎಲ್ಲ ಕಡೆ ಸರಿಯಾಗಿ ಎಣಿಸಿದೆ."

"ದೃಷ್ಟಿ ಬಿದ್ದಿದೆ ಮಗಳೇ," ಎಂದಳು ಹಾಜಾ ಜ್ಹೋರ್. "ಮೂರು ದಿನ ಅರವತ್ತೆರಡು ಮನೆಯ ಹಿಟ್ಟು ಬಟ್ಟೆ ಇಲ್ಲದೆ ನೋಡಿದರೆ ಯಾರ ಕಣ್ಣಾದರೂ ಹಾಳಾಗುತ್ತೆ. ಪಾಪ, ಯಂತ್ರದ್ದೇನು ತಪ್ಪು? ಇನ್ಮೇಲೆ ಬಟ್ಟೆ ಮುಚ್ಚಿಯೇ ಫೋಟೊ ತೆಗೀರಿ. ಬೆಂದ ಮೇಲೂ ಬಟ್ಟೆ ಮುಚ್ಚಿ."

"ಬಟ್ಟೆ ಮುಚ್ಚಿದರೆ ಅದಕ್ಕೆ ರೊಟ್ಟಿ ಕಾಣೋದು ಹೇಗೆ?"

"ನಮಗೆ ನಲವತ್ತು ವರ್ಷದಿಂದ ಕಾಣುತ್ತಿಲ್ಲ. ಏನಾಯ್ತು?"

ಇಬ್ತಿಸ್ಸಾಮ್ ಐವತ್ತು ಹಲಗೆಗಳನ್ನು ನೋಡಿದಳು. ಒಂದು ಕಡೆ ಬಟ್ಟೆಯ ಫೋಟೊಗಳು, ಇನ್ನೊಂದು ಕಡೆ ಸೊನ್ನೆ. ಮೇಲಧಿಕಾರಿಗೆ ಯಾವುದನ್ನು ತೋರಿಸುವುದು ಸುಲಭ ಎಂದು ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಶುಕ್ರವಾರದಿಂದ ಯಂತ್ರ ಬಟ್ಟೆಗಳನ್ನು ಎಣಿಸತೊಡಗಿತು. ಹೂವಿನ ಬಟ್ಟೆ, ಗೆರೆಯ ಬಟ್ಟೆ, ಇಮಾಮರ ಮನೆಯ ಹಳೆ ಪರದೆ. ಒಂದು ಹಲಗೆಗೆ ಒಂದು ಬಟ್ಟೆ. ಕಳಿಸಿದ್ದು 1, ಸಿದ್ಧವಾಗಿರುವುದು 1, ಶುಭದಿನ. ರಾಜಧಾನಿಯ ಆಫೀಸಿನವರು ಲೆಕ್ಕ ನೋಡಿ ಬೆರಗಾದರು. ದೇಶದಲ್ಲಿ ಒಂದೇ ಒಂದು ರೊಟ್ಟಿಯೂ ಕಾಣೆಯಾಗದ ಒಲೆ ಇದೊಂದೇ ಎಂದು ಇಬ್ತಿಸ್ಸಾಮಳಿಗೆ ಅಭಿನಂದನೆಯ ಪತ್ರ ಬಂತು. ಅವಳು ಅದನ್ನು ತಂದು ಒಲೆಮನೆಯ ಗೋಡೆಗೆ ಅಂಟಿಸಿದಳು, ನಗರಸಭೆಯ ಚೀಟಿಯ ಪಕ್ಕದಲ್ಲಿ.

ಹೊಗೆಗೂಡಿನ ಕೆಲಸಕ್ಕೆ ಇಟ್ಟಿಗೆ ಬಂದು ಬಿದ್ದ ದಿನ ಬೂಶ್ತಾ ಮತ್ತೆ ಆ ಕಾಗದ ತೆಗೆದ. ಬೇರೆ ಹತ್ತು ಪ್ರಶ್ನೆ ಮುಗಿದಿದ್ದವು. ನಾಲ್ಕನೆಯದರ ಮುಂದೆ ಮೂರು ಖಾಲಿ ಚೌಕ. ಸಿ ಲಾರ್ಬಿ ತನ್ನ ರೊಟ್ಟಿಗೆ ಕಾಯುತ್ತಾ ನಿಂತಿದ್ದ. ಬೀದಿಯಲ್ಲಿ ಸರ್ಕಾರಿ ಕಾಗದ ತುಂಬಲು ಅವನಿಗಿಂತ ಅನುಭವಸ್ಥ ಇರಲಿಲ್ಲ.

"ಸಿ ಲಾರ್ಬಿ, ನೀವಾದರೆ ಯಾವುದಕ್ಕೆ ಗುರುತು ಹಾಕ್ತಿದ್ರಿ?"

ಸಿ ಲಾರ್ಬಿ ಕನ್ನಡಕ ಏರಿಸಿ ಎರಡು ಸಲ ಓದಿದ. "ಮೂವತ್ತು ವರ್ಷ ನನ್ನ ಕಿಟಕಿಗೆ ಬಂದು ಜನ ಕೇಳ್ತಿದ್ದದ್ದು ಒಂದೇ. ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ? ಮೊದಮೊದಲು ನಿಜ ಹೇಳ್ತಿದ್ದೆ, ಗೊತ್ತಿಲ್ಲ ಅಂತ. ಜಗಳಕ್ಕೆ ಬರೋರು. ಆಮೇಲೆ, ಹತ್ತು ನಿಮಿಷ ಅಂತ ಹೇಳೋಕೆ ಶುರುಮಾಡಿದೆ. ನೆಮ್ಮದಿಯಾಗಿ ಕೂತು ಎರಡು ಗಂಟೆ ಕಾಯೋರು."

"ಅಂದರೆ ಒಳ್ಳೇದು ಅಂತ ಹಾಕಲಾ?"

"ನಿನಗೆ ಹೊಗೆಗೂಡು ಬೇಕು ತಾನೆ?"

ಬೂಶ್ತಾ ಒಳ್ಳೆಯದಕ್ಕೆ ಗುರುತು ಹಾಕಿದ. ಮನಸ್ಸು ತಡೆಯಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಇನ್ನೂ ಹತ್ತು ನಿಮಿಷ ಕಾದು ನೋಡಬೇಕು," ಎಂದು ಬರೆದ.

ಸಿ ಲಾರ್ಬಿ ತನ್ನ ಹಲಗೆ ತೆಗೆದುಕೊಂಡ. ಬಟ್ಟೆಯ ಕೆಳಗೆ ಮೂರಿತ್ತು. ಅವನು ಬಟ್ಟೆ ಎತ್ತಲಿಲ್ಲ. ಎಣಿಸಲಿಲ್ಲ. ಅಂಚುಗಳನ್ನು ಇನ್ನಷ್ಟು ಒಳಗೆ ಸಿಕ್ಕಿಸಿ, ನೆಟ್ಟಗೆ ಹೊರಟುಹೋದ.

ಪಿಂಚಣಿ ಬಂದ ಮರುದಿನ ಬೆಳಗ್ಗೆ ಅವನು ಎಂದಿನಂತೆ ಹೊಸ್ತಿಲಲ್ಲಿ ನಿಂತು ಎಂದ, "ಬೂಶ್ತಾ, ನಿನ್ನ ಒಲೆ ತೆರೆದಿದ್ದೀನಿ." ಅವನು ಹೋದ ಮೇಲೆ ಬೂಶ್ತಾ ಬಟ್ಟೆ ತೆಗೆದು ನೋಡಿದರೆ ಹಲಗೆಯಲ್ಲಿ ಎರಡರ ಬದಲು ಮೂರು ಬಿಲ್ಲೆ. ಎರಡು ಮಗಳು ತಟ್ಟಿದ್ದು. ಮೂರನೆಯದನ್ನು ತಟ್ಟಿದ ಕೈಗೆ ಹಿಟ್ಟಿನ ಅಭ್ಯಾಸವೇ ಇರಲಿಲ್ಲ. ಅದು ದುಂಡಗಿರಲಿಲ್ಲ, ಹೆಚ್ಚುಕಡಿಮೆ ಬಸ್ ಟಿಕೆಟ್‌ನ ಆಕಾರದಲ್ಲಿತ್ತು. ಚಹಾಕ್ಕೆ ಚಹಾ ತೀರಿಸುವವನು, ಈಗ ರೊಟ್ಟಿಗೆ ರೊಟ್ಟಿ. ಒಲೆಯಿಂದ ಹೊರಗೆಳೆದ ಮೇಲೆ ಆ ಮೂರನೆಯದನ್ನು ಎತ್ತಿ ಹಾಜಾ ಜ್ಹೋರಳ ಹಲಗೆಯಲ್ಲಿಟ್ಟು ಬಟ್ಟೆ ಮುಚ್ಚಿದ. ಫೋಟೊ ತೆಗೆದ. ಯಂತ್ರ ಒಂದು ಎಂದಿತು.

ಮಧ್ಯಾಹ್ನ ಹಾಜಾ ಬಂದಳು. ಕೈಯಲ್ಲಿ ಒಂದು ತುಂಡಿತ್ತು, ಅದರಲ್ಲಿ ಹಲ್ಲಿನ ಗುರುತಿತ್ತು.

"ನನ್ನ ಹಲಗೆಯಲ್ಲಿ ಒಂಬತ್ತಿದೆ. ನಿನ್ನ ಹೊಗೆಗೂಡಿನ ಇಟ್ಟಿಗೆ ಒಂದು ನನಗೆ ಬಂದಿದೆಯಾ?"

"ಯಂತ್ರ ಒಂದೇ ಅಂತಿದೆ ಹಾಜಾ."

ಹಾಜಾ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದಕ್ಕಿದ್ದ ನಾಲ್ಕು ಮೂಲೆ ನೋಡಿದಳು. ಆಮೇಲೆ ಇನ್ನೊಂದು ಸಲ ಕಚ್ಚಿ, ಕಷ್ಟಪಟ್ಟು ಅಗಿದು ನುಂಗಿದಳು.

"ಉಪ್ಪು ಜಾಸ್ತಿ," ಎಂದಳು. "ಹೇಳು ಅವನಿಗೆ. ಅಲ್ಲ, ಯಂತ್ರಕ್ಕೆ."